ಪೇಂಟ್ ಆಮೇಲೆ, ಮೊದಲು ಬ್ರೇಕ್ ನೋಡಿ

ನಮ್ಮ ಕೊಟ್ಟಿಗೆಯಲ್ಲಿ ಈಗ ಹಸು ಇಲ್ಲ. ಆ ಜಾಗದಲ್ಲಿ 1943ರ ಒಂದು ಫೋರ್ಡ್ ಜಿಪಿಡಬ್ಲ್ಯು ನಿಂತಿದೆ. ಊರವರ ಬಾಯಲ್ಲಿ ಮಿಲಿಟರಿ ಜೀಪು. ಅಮೆರಿಕ ಸೇನೆಯ ಕಾಗದಗಳಲ್ಲಿ ಮಾತ್ರ ಇದು ‘ಟ್ರಕ್, ಕಾಲು ಟನ್, 4x4’. ಹಾಗಾಗಿ ನಾನು ಟ್ರಕ್ ರಿಪೇರಿ ಮಾಡ್ತೀನಿ ಅಂತ ಜಂಬ ಕೊಚ್ಚಿದರೆ ಸುಳ್ಳೇನಲ್ಲ.

ನೋಡೋಕೆ ಬಂದವರೆಲ್ಲ ಮೊದಲು ಕೇಳೋದು, ‘ಪೇಂಟ್ ಯಾವಾಗ?’ ಈ ಪ್ರಶ್ನೆ ಕೇಳಿದರೇ ನನಗೆ ಮೈ ಉರಿಯುತ್ತೆ. ಹಸಿರು ಪೇಂಟ್, ಬಾನೆಟ್ ಮೇಲೆ ಬಿಳಿ ನಕ್ಷತ್ರ, ದಪ್ಪ ಟೈರು, ಒಂದು ಫೋಟೋ. ಅಷ್ಟಾದರೆ ಗಾಡಿ ರೆಡಿ ಅಂತ ಲೆಕ್ಕ. ಅಡಿಗೆ ಬಗ್ಗಿ ಯಾರಾದರೂ ನೋಡಿದ್ದಾರಾ?

ಈ ಗಾಡಿಯ ಬ್ರೇಕ್ ಪೆಡಲ್‌ಗೆ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಒಂದೇ, ನಾಲ್ಕು ಚಕ್ರಕ್ಕೂ ಅಲ್ಲಿಂದಲೇ ಆಯಿಲ್ ಹೋಗಬೇಕು. ಎಲ್ಲೋ ಒಂದು ಪೈಪ್ ತೂತಾದರೆ ನಾಲ್ಕೂ ಕಡೆ ಬ್ರೇಕ್ ಹೋಯ್ತು ಅಂತಲೇ. ಹ್ಯಾಂಡ್‌ಬ್ರೇಕ್ ಚಕ್ರ ಹಿಡಿಯಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋ ಗೇರ್ ಪೆಟ್ಟಿಗೆ) ಹಿಂದಿರುವ ಡ್ರಮ್ ಹಿಡಿಯುತ್ತೆ. ಇನ್ನು ಇಂಧನದ ಟ್ಯಾಂಕ್ ಇರೋದು ಡ್ರೈವರ್ ಸೀಟಿನ ಕೆಳಗೇ. ಘಾಟಿ ಇಳಿಯುವಾಗ ಇದೆಲ್ಲ ನೆನಪಾದರೆ ಪೇಂಟ್ ಮರೆತೇ ಹೋಗುತ್ತೆ.

ನಾನೂ ಏನು ಜಾಣ ಅಲ್ಲ. ಮೊದಲ ದಿನ ಎಡಗಡೆ ಹಿಂದಿನ ಚಕ್ರ ಬಿಚ್ಚೋಕೆ ಹೋದೆ. ನಟ್ ಜಗ್ಗಲಿಲ್ಲ. ಪಾನಾಗೆ ಉದ್ದದ ಪೈಪ್ ತೂರಿಸಿ, ಅದರ ಮೇಲೆ ಹತ್ತಿ ನಿಂತೆ. ಟಪ್ ಅಂತ ಶಬ್ದ. ಸಡಿಲ ಆಯ್ತು ಅಂದುಕೊಂಡರೆ ಸ್ಟಡ್ಡೇ, ಅಂದರೆ ನಟ್ ಕೂರೋ ಬೋಲ್ಟೇ, ಮುರಿದು ಕೈಗೆ ಬಂತು. ಎರಡನೆಯದೂ ಹಾಗೇ! ಆಮೇಲೆ ಗ್ಯಾರೇಜಿನ ಮೇಸ್ತ್ರಿ ಬಂದು ನೋಡಿ ನಕ್ಕರು. ‘ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಕಣಪ್ಪ. ನೀನು ಬಿಚ್ಚಿದ್ದಲ್ಲ, ಟೈಟ್ ಮಾಡಿದ್ದು.’

ಅವತ್ತೇ ಇನ್ನೊಂದು ಮಾತು ಹೇಳಿಕೊಟ್ಟರು. ಇದರ ಕಾಂಬ್ಯಾಟ್ ರಿಮ್ ಎರಡು ಹೋಳು, ನಟ್ ಹಾಕಿ ಕೂಡಿಸಿರ್ತಾರೆ. ಟೈರಲ್ಲಿ ಗಾಳಿ ಇರುವಾಗ ಆ ನಟ್ ಬಿಚ್ಚಿದರೆ ಹೋಳು ಸಿಡಿದು ತಲೆಗೇ ಬರುತ್ತೆ. ಮೊದಲು ವಾಲ್ವ್ ತೆಗೆದು ಪೂರ್ತಿ ಗಾಳಿ ಬಿಡಬೇಕು. ಸ್ಟಡ್ ಮುರಿದರೆ ಹೊಸದು ಸಿಗುತ್ತೆ.

ಕೊಳ್ಳೋರಿಗೆ ಒಂದು ಮಾತು. ಮಿಲಿಟರಿ ಪೀಸು ಅಂತ ಮಾರೋ ಜೀಪುಗಳಲ್ಲಿ ಎಷ್ಟೋ ಆಮೇಲಿನ ಮಹೀಂದ್ರಾಗಳು. ಯುದ್ಧಕಾಲದ ಅಸಲಿ ಜೀಪನ್ನು ವಿಲ್ಲಿಸ್, ಫೋರ್ಡ್ ಎರಡೂ ಕಂಪನಿ ಮಾಡಿದ್ದವು. ರೇಡಿಯೇಟರ್ ಮುಂದಿನ ಕ್ರಾಸ್‌ಮೆಂಬರ್ (ಚಾಸಿಯ ಅಡ್ಡಪಟ್ಟಿ) ದುಂಡು ಪೈಪ್ ಆಗಿದ್ದರೆ ವಿಲ್ಲಿಸ್, ತಲೆಕೆಳಗಾದ ‘ಯು’ ಥರ ಇದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟ್ ತಲೆ ಮೇಲೂ ‘ಎಫ್’ ಅಂತ ಒತ್ತಿದ್ದಾರೆ. ಎಣ್ಣೆ ಜಿಡ್ಡು ಕೆರೆದಾಗ ಆ ಅಕ್ಷರ ಕಂಡಿತಲ್ಲ, ಅವತ್ತು ರಾತ್ರಿ ನನಗೆ ಊಟ ಬೇಕಾಗಲಿಲ್ಲ. ದುಡ್ಡು ಕೊಡೋ ಮುಂಚೆ ಚಾಸಿ ನಂಬರ್ ಆರ್‌ಸಿಗೆ ತಾಳೆ ಆಗುತ್ತಾ ನೋಡಿ.

ನಮ್ಮ ಗಾಡಿಯಲ್ಲಿ ಈಗ ಇರೋದು ಡೀಸೆಲ್ ಎಂಜಿನ್. ಒರಿಜಿನಲ್ 60 ಎಚ್‌ಪಿ ಪೆಟ್ರೋಲ್ ಎಂಜಿನ್ ಯಾವ ಗುಜರಿ ಸೇರಿತೋ. ಹಾಗೆ ಮಾಡಿದವರನ್ನು ಬೈಯೋರು ಜಾಸ್ತಿ, ನಾನಂತೂ ಬೈಯಲ್ಲ. ಪೆಟ್ರೋಲ್ ಖರ್ಚು ತಡೆಯದೆ ಎಸ್ಟೇಟಿನವರು ಡೀಸೆಲ್ ಕೂರಿಸಿದರು, ಕಾಫಿ ಮೂಟೆ ಹೊರಿಸಿದರು. ಇಲ್ಲದಿದ್ದರೆ ಇಡೀ ಗಾಡಿಯೇ ತೂಕಕ್ಕೆ ಹೋಗಿರ್ತಿತ್ತು. ಹಿಂದಿನ ಪ್ಯಾನಲ್‌ಗೆ ಯಾರೋ ಎಣ್ಣೆ ಡಬ್ಬದ ತಗಡು ಬಡಿದು ತೇಪೆ ಹಾಕಿದ್ದಾರೆ. ಅದನ್ನು ಹಾಗೇ ಬಿಡ್ತೀನಿ, ಪುಟ್ಟಿ ಮೆತ್ತಲ್ಲ.

ಸದ್ಯಕ್ಕೆ ಒಂದು ಕಾಂಬ್ಯಾಟ್ ರಿಮ್ ಕಡಿಮೆ ಇದೆ. ಯಾರ ತೋಟದಲ್ಲಾದರೂ ಕೋಳಿಗೆ ನೀರಿಡೋಕೆ ಬಿದ್ದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.