ಕಡ ತಂದ ಚುಕ್ಕಿ ಜೆರ್ಸಿ

2022ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್‌ನ 18ನೇ ಸ್ಟೇಜ್, ಅಂದರೆ ಒಂದು ದಿನದ ಓಟ, ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಲೂರ್ಡ್ ಊರಿಂದ ಹೊರಟು ಪಿರನೀಸ್ ಬೆಟ್ಟಗಳನ್ನು ದಾಟಿ ಒಟಾಕಾಮ್ ತುದಿಗೆ ಹತ್ತಬೇಕಿದ್ದ ದಿನ ಅದು. ಕೊನೆಯ ಏರು. ಎಲ್ಲರಿಗಿಂತ ಮುಂದೆ ಹಸಿರು ಜೆರ್ಸಿಯ ವೌಟ್ ವಾನ್ ಆರ್ಟ್. ಆಳು ಎತ್ತರ, ದೇಹ ಭಾರ, ಬೆಟ್ಟ ಹತ್ತೋಕೆ ಹೇಳಿ ಮಾಡಿಸಿದ ಮೈಕಟ್ಟು ಅಲ್ಲವೇ ಅಲ್ಲ. ಆದರೂ ಹಲ್ಲು ಕಚ್ಚಿ ಪೆಡಲ್ ತುಳಿಯುತ್ತಿದ್ದರು. ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಅವರದೇ ತಂಡದ ಯೋನಾಸ್ ವಿಂಗೆಗಾರ್ಡ್, ಒಟ್ಟು ಲೆಕ್ಕದಲ್ಲಿ ಮುಂದಿರುವವರ ಹಳದಿ ಜೆರ್ಸಿಯಲ್ಲಿ. ಹಿಂದೆ ಬಿಳಿ ಜೆರ್ಸಿಯ ಎದುರಾಳಿ ತಾದೆ ಪೊಗಾಚಾರ್. ನೋಡ್ತಾ ನೋಡ್ತಾ ಬಿಳಿ ಜೆರ್ಸಿಗೂ ಹಳದಿಗೂ ನಡುವೆ ಒಂದು ಸೈಕಲ್‌ನಷ್ಟು ಜಾಗ ಬಿತ್ತು. ಆಮೇಲೆ ಎರಡು. ಆಮೇಲೆ ಅದು ತುಂಬಲೇ ಇಲ್ಲ. ಆ ವರ್ಷದ ಟೂರ್ ಅಲ್ಲಿಗೆ ಮುಗಿದ ಹಾಗೆ ಆಯಿತು.

ಹಸಿರು, ಹಳದಿ, ಬಿಳಿ. ಅಷ್ಟು ಚೆಂದದ ದೃಶ್ಯದಲ್ಲಿ ಕಾಣದೇ ಇದ್ದದ್ದು ಒಂದೇ ಜೆರ್ಸಿ. ಬಿಳಿ ಬಟ್ಟೆ ಮೇಲೆ ದೊಡ್ಡ ದೊಡ್ಡ ಕೆಂಪು ಚುಕ್ಕಿ ಇರೋದು. ಅಂದರೆ ಬೆಟ್ಟಗಳ ರಾಜನ ಜೆರ್ಸಿ. ಅದನ್ನು ಹಾಕಿಕೊಂಡಿದ್ದ ಜರ್ಮನಿಯ ಸೈಮನ್ ಗೆಷ್ಕೆ ಎಷ್ಟೋ ಹಿಂದೆ, ಅದೇ ಏರಿನಲ್ಲಿ ಒದ್ದಾಡುತ್ತಿದ್ದರು. 36 ವರ್ಷದ ಆಸಾಮಿ, ಗಡ್ಡದವರು. ಒಂಬತ್ತು ಸ್ಟೇಜ್‌ಗಳ ಕಾಲ ಆ ಜೆರ್ಸಿಯನ್ನು ಕಾಪಾಡಿಕೊಂಡು ಬಂದಿದ್ದರು. ಬೆಳಿಗ್ಗೆ ಬೆಳಿಗ್ಗೆಯೇ ಗುಂಪು ಬಿಟ್ಟು ಓಡೋದು, ಒಂದೊಂದು ಬೆಟ್ಟದ ತುದಿಯಲ್ಲೂ ಎರಡೋ ಐದೋ ಪಾಯಿಂಟ್ ಕೂಡಿಹಾಕೋದು, ಇದೇ ಕೆಲಸ. ಒಟಾಕಾಮ್‌ನಲ್ಲಿ ಸ್ಟೇಜ್ ಗೆದ್ದ ವಿಂಗೆಗಾರ್ಡ್‌ಗೆ ಹಳದಿ ಜೊತೆಗೆ ಚುಕ್ಕಿ ಜೆರ್ಸಿಯೂ ಹೋಯಿತು. ಆಮೇಲೆ ದೊಡ್ಡ ಬೆಟ್ಟ ಒಂದೂ ಉಳಿದಿರಲಿಲ್ಲ. ಕ್ಯಾಮೆರಾ ಮುಂದೆ ಗೆಷ್ಕೆ ಅತ್ತುಬಿಟ್ಟರು.

ನನಗೆ ಹೇಳಬೇಕಾಗಿರೋದು ಇಷ್ಟೇ. ಚುಕ್ಕಿ ಜೆರ್ಸಿ ಹಳದಿ ಜೆರ್ಸಿಯ ಜೊತೆಗೆ ಪುಕ್ಕಟೆ ಬರುವ ಸಾಮಾನಾಗಬಾರದು. ಈಗ ಹಾಗೆ ಆಗ್ತಾ ಇದೆ. ಅದಕ್ಕೆ ಕಾರಣ ಪಾಯಿಂಟ್ ಕೊಡುವ ಲೆಕ್ಕ, ಸವಾರರು ಅಲ್ಲ.

ಸೈಕಲ್ ರೇಸ್ ನೋಡದವರಿಗಾಗಿ ಸ್ವಲ್ಪ ಹೇಳಿಬಿಡ್ತೀನಿ. ಮೂರು ವಾರದಲ್ಲಿ 21 ಸ್ಟೇಜ್. ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರಿಗೆ ಹಳದಿ. 1919ರಲ್ಲಿ ಇದನ್ನು ಮೊದಲು ತೊಟ್ಟವರು ಯೂಜೀನ್ ಕ್ರಿಸ್ತೋಫ್. ರೇಸ್ ನಡೆಸುತ್ತಿದ್ದ ಲೋಟೋ ಪತ್ರಿಕೆ ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು, ಅದಕ್ಕೇ ಆ ಬಣ್ಣ. ಇಟಲಿಯ ದೊಡ್ಡ ಸೈಕಲ್ ರೇಸ್ ಜೀರೋದಲ್ಲಿ ಗುಲಾಬಿ ಜೆರ್ಸಿ ಬಂದದ್ದೂ ಹೀಗೇ, ಗಜೆಟ್ಟಾ ಪತ್ರಿಕೆಯ ಗುಲಾಬಿ ಕಾಗದದಿಂದ, 1931ರಲ್ಲಿ. ಹಸಿರು ಜೆರ್ಸಿ 1953ರದ್ದು, ಅದು ಪಾಯಿಂಟ್ ಲೆಕ್ಕದ್ದು, ಹೆಚ್ಚಾಗಿ ಗೆರೆಯ ಹತ್ತಿರ ಬಿರುಸಾಗಿ ನುಗ್ಗುವ ಸ್ಪ್ರಿಂಟರ್‌ಗಳಿಗೆ ಸಿಗುತ್ತೆ. ಬಿಳಿ ಜೆರ್ಸಿ ಚಿಕ್ಕ ವಯಸ್ಸಿನವರಿಗೆ. ಚುಕ್ಕಿ ಜೆರ್ಸಿ ಬೆಟ್ಟಗಳ ತುದಿಯಲ್ಲಿ ಸಿಗುವ ಪಾಯಿಂಟ್‌ಗಳಿಗೆ. ಬೆಟ್ಟ ಎಷ್ಟು ಕಠಿಣ ಅಂತ ದರ್ಜೆ ಇರುತ್ತೆ. ಮೊದಲು ತುದಿ ಮುಟ್ಟಿದವರಿಗೆ ಸಣ್ಣ ದಿಣ್ಣೆಗೆ 1 ಪಾಯಿಂಟ್, ಎರಡನೇ ದರ್ಜೆಯ ಏರಿಗೆ 5, ಒಂದನೇ ದರ್ಜೆಗೆ 10, ದರ್ಜೆಗೂ ಮೀರಿದ ದೈತ್ಯ ಬೆಟ್ಟಗಳಿಗೆ 20.

ಒಬ್ಬರೇ ಎರಡು ಜೆರ್ಸಿ ಗೆದ್ದರೆ? ಹಳದಿ ದೊಡ್ಡದು, ಹಾಗಾಗಿ ಅದನ್ನೇ ತೊಡಬೇಕು. ಚುಕ್ಕಿಯನ್ನು ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿ ಇರುವವರು ಅವರ ಪರವಾಗಿ ಹಾಕಿಕೊಂಡು ಓಡಿಸಬೇಕು. ಕಡ ತಂದ ಬಟ್ಟೆ ಇದ್ದ ಹಾಗೆ. ಒಟಾಕಾಮ್ ಆದ ಮೇಲೆ ಪ್ಯಾರಿಸ್‌ವರೆಗೂ ಗೆಷ್ಕೆ ಹಾಕಿಕೊಂಡಿದ್ದು ಆ ಕಡದ ಜೆರ್ಸಿಯನ್ನೇ.

ಈಗ ಇತಿಹಾಸ ನೋಡಿ. ಬೆಟ್ಟಗಳ ಸ್ಪರ್ಧೆ ಟೂರ್‌ನಲ್ಲಿ ಶುರುವಾಗಿದ್ದು 1933ರಲ್ಲಿ. ಜೆರ್ಸಿ ಬಂದದ್ದು ಎಷ್ಟೋ ಆಮೇಲೆ, 1975ರಲ್ಲಿ. ಮೊದಲ ವರ್ಷ ಗೆದ್ದವರು ಸ್ಪೇನಿನ ವಿಸೆಂಟೆ ತ್ರುಯೆಬಾ. ಪುಟ್ಟ ಆಳು. ಬೆಟ್ಟದ ತುದಿಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದರು, ಇಳಿಜಾರಿನಲ್ಲಿ ಹಿಂದೆ ಬೀಳುತ್ತಿದ್ದರು. ಒಟ್ಟು ಲೆಕ್ಕದಲ್ಲಿ ಅವರಿಗೆ ಸಿಕ್ಕಿದ್ದು 6ನೇ ಸ್ಥಾನ. ಈ ಸ್ಪರ್ಧೆ ಇಲ್ಲದಿದ್ದರೆ ತ್ರುಯೆಬಾ ಹೆಸರು ಇವತ್ತು ಯಾರಿಗೆ ನೆನಪಿರುತ್ತಿತ್ತು? ತುದಿ ಮುಟ್ಟೋದು ಬೇರೆ, ರೇಸ್ ಗೆಲ್ಲೋದು ಬೇರೆ ಅನ್ನೋದೇ ಇದರ ಮೂಲ.

ಆಗ ಯಾವ ಸ್ಟೇಜೂ ಬೆಟ್ಟದ ನೆತ್ತಿಯಲ್ಲಿ ಮುಗಿಯುತ್ತಿರಲಿಲ್ಲ! ಹತ್ತು, ಇಳಿ, ಕೆಳಗೆ ಊರಿನಲ್ಲಿ ಗೆರೆ ದಾಟು. ಬೆಟ್ಟದ ಮೇಲೆ ಮುಗಿಯುವ ಸ್ಟೇಜ್‌ಗಳು ಟೂರ್‌ಗೆ ಬಂದದ್ದು 1952ರಲ್ಲಿ. ಆಲ್ಪ್ ದ್ಯುಯೆಜ್, ಸೆಸ್ಟ್ರಿಯೇರ್, ಪುಯಿ ದ ದೋಮ್. ಮೂರನ್ನೂ ಫಾಸ್ಟೊ ಕೊಪ್ಪಿ ಗೆದ್ದರು. ಆ ವರ್ಷ ಟೂರ್ ಅವರದ್ದೇ, ಬೆಟ್ಟಗಳ ಪಟ್ಟವೂ ಅವರದ್ದೇ. ಬೆಟ್ಟದ ತುದಿ ಮತ್ತು ಮುಕ್ತಾಯದ ಗೆರೆ ಒಂದೇ ಜಾಗಕ್ಕೆ ಬಂದ ಕೂಡಲೇ ಎರಡು ಬೇರೆ ಬೇರೆ ಸ್ಪರ್ಧೆಗಳು ಒಂದಕ್ಕೊಂದು ಬೆಸೆದುಕೊಂಡವು.

ಒಬ್ಬರೇ ಎರಡನ್ನೂ ಗೆಲ್ಲೋದು ಹೊಸದೇನಲ್ಲ, ಅದನ್ನು ನಾನು ಮುಚ್ಚಿಡಲ್ಲ. ಜೀನೊ ಬಾರ್ಟಲಿ 1938 ಮತ್ತು 1948ರಲ್ಲಿ ಗೆದ್ದಿದ್ದಾರೆ. 1952ಕ್ಕೆ ಮೊದಲು 1949ರಲ್ಲೂ ಕೊಪ್ಪಿ ಗೆದ್ದಿದ್ದರು. ಎಡ್ಡಿ ಮೆರ್ಕ್ಸ್ 1969 ಮತ್ತು 1970ರಲ್ಲಿ. ಆದರೆ ಅದಾದ ಮೇಲೆ? 1970ರ ಮೆರ್ಕ್ಸ್‌ನಿಂದ 2015ರ ಕ್ರಿಸ್ ಫ್ರೂಮ್‌ವರೆಗೆ, 45 ವರ್ಷ, ಪ್ಯಾರಿಸ್‌ನ ವೇದಿಕೆ ಮೇಲೆ ಎರಡನ್ನೂ ಗೆದ್ದು ನಿಂತವರು ಒಬ್ಬರೂ ಇಲ್ಲ. (2008ರಲ್ಲಿ ಚುಕ್ಕಿ ಗೆದ್ದವರು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಹಳದಿ ಗೆದ್ದಿದ್ದ ಕಾರ್ಲೋಸ್ ಸಾಸ್ತ್ರೆ ಹೆಸರು ದಾಖಲೆಗೆ ಸೇರಿತು, ಅದು ಬೇರೆ ಮಾತು.) ಆ 45 ವರ್ಷದಲ್ಲೇ ಅಲ್ವಾ ಈ ಜೆರ್ಸಿಗೆ ತನ್ನದೇ ಒಂದು ವ್ಯಕ್ತಿತ್ವ ಬಂದದ್ದು? ಲುಸಿಯೆನ್ ವಾನ್ ಇಂಪ್ ಆರು ಸಲ, ರಿಷಾರ್ ವಿರೆಂಕ್ ಏಳು ಸಲ, ಕೊಲಂಬಿಯಾದ ಲೂಚೊ ಹೆರೇರಾ ಎರಡು ಸಲ. ಫ್ರಾನ್ಸಿನ ರಸ್ತೆ ಪಕ್ಕ ನಿಂತ ಮಕ್ಕಳು ಚುಕ್ಕಿ ಟೋಪಿ, ಚುಕ್ಕಿ ಟೀ ಶರ್ಟ್ ಹಾಕಿಕೊಂಡು ಕೂಗೋದು ಸುಮ್ನೆ ಅಲ್ಲ.

2015ರಿಂದ ಈಚೆಗೆ ಎಣಿಸಿ. 2015 ಫ್ರೂಮ್. 2020 ಪೊಗಾಚಾರ್. 2021 ಪೊಗಾಚಾರ್. 2022 ವಿಂಗೆಗಾರ್ಡ್. 2025 ಮತ್ತೆ ಪೊಗಾಚಾರ್. 11 ಟೂರ್‌ಗಳಲ್ಲಿ ಐದು ಸಲ ಹಳದಿಯೂ ಚುಕ್ಕಿಯೂ ಒಂದೇ ಮನೆಗೆ. ಪೊಗಾಚಾರ್ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವರ ಓಟ ನೋಡೋದೇ ಒಂದು ಖುಷಿ. ಈಗ ಬಲಿಷ್ಠ ತಂಡಗಳು ಇಡೀ ದಿನ ಮುಂದೆ ಓಡಿದ ಗುಂಪನ್ನು ಜಾಸ್ತಿ ದೂರ ಹೋಗೋಕೆ ಬಿಡಲ್ಲ. ಕೊನೆಯ ಬೆಟ್ಟದ ಹೊತ್ತಿಗೆ ಹಿಡಿದುಬಿಡ್ತಾರೆ. ಆಗ ದೊಡ್ಡವರು ಒಂದೇ ಏಟಿಗೆ ಸ್ಟೇಜು, ಸಮಯ, ಮೇಲಿಂದ 20 ಪಾಯಿಂಟ್, ಎಲ್ಲ ಬಾಚಿಕೊಳ್ತಾರೆ. 2021ರಲ್ಲಂತೂ ಕೆಲವು ಮುಕ್ತಾಯದ ಬೆಟ್ಟಗಳಿಗೆ ಪಾಯಿಂಟ್ ದುಪ್ಪಟ್ಟು ಮಾಡಿದ್ದರು. ನೆದರ್‌ಲೆಂಡ್ಸ್‌ನ ವೌಟ್ ಪುಲ್ಸ್ ದಿನಗಟ್ಟಲೆ ಕೂಡಿಟ್ಟಿದ್ದು ಲೂಜ್ ಆರ್ದಿದೆನ್‌ನಲ್ಲಿ ಪೊಗಾಚಾರ್ ಗೆದ್ದ 40 ಪಾಯಿಂಟ್ ಮುಂದೆ ನಿಲ್ಲಲಿಲ್ಲ.

ಒಂದು ಮಾತು ಯಾವಾಗಲೂ ಎದುರಾಗುತ್ತೆ. "ಬೆಟ್ಟ ಚೆನ್ನಾಗಿ ಹತ್ತುವವರಿಗೆ ತಾನೇ ಈ ಜೆರ್ಸಿ? ಪೊಗಾಚಾರ್‌ಗಿಂತ ಚೆನ್ನಾಗಿ ಹತ್ತುವವರು ಯಾರಿದ್ದಾರೆ?" ಜೊತೆಗೆ 2010ರ ಆಂತೊನಿ ಶಾರ್ತೊ ಉದಾಹರಣೆ ತೋರಿಸ್ತಾರೆ. ಒಂದು ಸ್ಟೇಜೂ ಗೆಲ್ಲದೆ ಚುಕ್ಕಿ ಗೆದ್ದವರು, ಅವರನ್ನು ಬೆಟ್ಟಗಳ ರಾಜ ಅನ್ನೋಕಾಗುತ್ತಾ ಅಂತ. ಕೇಳಬೇಕಾದ ಪ್ರಶ್ನೆಯೇ. ಆದರೆ ಅತಿ ಚೆನ್ನಾಗಿ ಬೆಟ್ಟ ಹತ್ತುವವರಿಗೆ ಆಗಲೇ ಒಂದು ಬಹುಮಾನ ಇದೆ. ಅದು ಹಳದಿ ಜೆರ್ಸಿ. ಇವತ್ತಿನ ಟೂರ್ ಗೆಲ್ಲೋದೇ ಬೆಟ್ಟಗಳಲ್ಲಿ. ಅದೇ ಸಾಮರ್ಥ್ಯಕ್ಕೆ ಇನ್ನೊಂದು ಬಟ್ಟೆ ಯಾಕೆ?

ಹಸಿರು ಜೆರ್ಸಿ ನೋಡಿ. ಅಲ್ಲಿ ರೇಸ್ ನಡೆಸುವವರು ಯೋಚನೆ ಮಾಡಿದ್ದಾರೆ. ಸಮತಟ್ಟು ಸ್ಟೇಜ್ ಗೆದ್ದರೆ 50 ಪಾಯಿಂಟ್, ಬೆಟ್ಟದ ಸ್ಟೇಜ್ ಗೆದ್ದರೆ 20. ಬೇಕು ಅಂತಲೇ ಹೀಗೆ ಇಟ್ಟಿರೋದು, ಸ್ಪ್ರಿಂಟರ್‌ಗಳಿಗೆ ಉಳಿಯಲಿ ಅಂತ. 2025ರಲ್ಲಿ ಪೊಗಾಚಾರ್ ನಾಲ್ಕು ಸ್ಟೇಜ್ ಗೆದ್ದರು, ಸ್ಪ್ರಿಂಟರ್ ಯೋನಾಥನ್ ಮಿಲಾನ್ ಎರಡು. ಹಸಿರು ಹೋದದ್ದು ಮಿಲಾನ್‌ಗೆ. ಅನ್ಯಾಯ ಅಂತ ಯಾರೂ ಬೊಬ್ಬೆ ಹೊಡೆಯಲಿಲ್ಲ. ಮತ್ತೆ ಚುಕ್ಕಿಗೆ ಮಾತ್ರ ಯಾಕೆ ಆ ಕಾಳಜಿ ಇಲ್ಲ?

ನಾನು ಕೇಳ್ತಿರೋದು ದೊಡ್ಡದೇನಲ್ಲ. ಸ್ಟೇಜ್ ಮುಗಿಯುವ ಬೆಟ್ಟಕ್ಕೆ ಪಾಯಿಂಟ್ ಅರ್ಧ ಮಾಡಿ. ದಾರಿ ನಡುವಿನ ದೊಡ್ಡ ಬೆಟ್ಟಗಳಿಗೆ ಜಾಸ್ತಿ ಕೊಡಿ. ಜೀರೋದಲ್ಲಿ ಆ ವರ್ಷದ ಅತಿ ಎತ್ತರದ ಜಾಗಕ್ಕೆ ಕೊಪ್ಪಿ ಹೆಸರಿಟ್ಟು, ಚೀಮಾ ಕೊಪ್ಪಿ ಅಂತ, ಎಲ್ಲಕ್ಕಿಂತ ಹೆಚ್ಚು ಪಾಯಿಂಟ್ ಕೊಡ್ತಾರೆ. ಅದು ದಾರಿ ಮಧ್ಯದಲ್ಲಿ ಬಂದರೂ ಅಷ್ಟೇ. ಟೂರ್‌ನಲ್ಲೂ ಹೀಗೆ ಮಾಡಿದರೆ ದೊಡ್ಡವರನ್ನು ಯಾರೂ ತಡೆದ ಹಾಗಾಗಲ್ಲ. ಬೇಕಿದ್ದರೆ ಅವರೂ ಬೆಳಿಗ್ಗೆಯಿಂದ ಓಡಿ ಗೆಲ್ಲಲಿ. ಅದಕ್ಕಾಗಿ ಬೆವರು ಹರಿಸಲಿ, ಅಷ್ಟೇ.

ಆ ಓಟ ಎಷ್ಟು ಚೆಂದ ಇರುತ್ತೆ ಅನ್ನೋದಕ್ಕೆ 2023ರ 20ನೇ ಸ್ಟೇಜ್ ಸಾಕು. ವೋಜ್ ಬೆಟ್ಟಗಳು. ಜೂಲಿಯೊ ಸಿಕೋನೆ ಚುಕ್ಕಿ ಜೆರ್ಸಿಯಲ್ಲಿ ಶುರುವಿನಲ್ಲೇ ಮುಂದೆ ಹೋದರು. ಸ್ಟೇಜ್ ಗೆಲ್ಲುವ ಯೋಚನೆ ಅಲ್ಲ. ಬೆಟ್ಟದ ನೆತ್ತಿಯಲ್ಲಿ ಬ್ಯಾನರ್ ಕಂಡ ಕೂಡಲೇ ಸೀಟು ಬಿಟ್ಟು ಎದ್ದು, ತಲೆ ತಗ್ಗಿಸಿ, ಗೆರೆಯವರೆಗೂ ಜೀವ ಬಿಟ್ಟು ತುಳಿಯೋದು. 5 ಪಾಯಿಂಟ್. ಇಳಿಯೋದು, ಇನ್ನೊಂದು ಬೆಟ್ಟ, ಮತ್ತೆ 5. ಮುಕ್ತಾಯದ ಗೆರೆ ಇನ್ನೂ ಎಷ್ಟೋ ದೂರ ಇತ್ತು, ಅವರ ರೇಸ್ ಮಾತ್ರ ನಡುದಾರಿಯಲ್ಲೇ ಮುಗಿದಿತ್ತು. ಅವರು ಗೆದ್ದಿದ್ದರು. 2024ರಲ್ಲಿ ಎಕ್ವಡಾರ್‌ನ ರಿಚರ್ಡ್ ಕರಾಪಾಜ್ ಕೂಡ ಹೀಗೇ ದಿನಾ ಮುಂದೆ ಓಡಿ ಓಡಿ ಗೆದ್ದರು, ಪೊಗಾಚಾರ್‌ರನ್ನು ಎರಡನೇ ಸ್ಥಾನಕ್ಕೆ ತಳ್ಳಿ.

2025ರಲ್ಲಿ ನನ್ನ ಆಸೆ ಪೂರ್ತಿ ಲೆನಿ ಮಾರ್ಟಿನೆಜ್ ಮೇಲಿತ್ತು. ಅವರ ಅಜ್ಜ ಮರಿಯಾನೊ ಮಾರ್ಟಿನೆಜ್ 1978ರಲ್ಲಿ ಇದೇ ಚುಕ್ಕಿ ಜೆರ್ಸಿ ಗೆದ್ದವರು. ಮೊಮ್ಮಗ ಅದನ್ನು ತೊಟ್ಟು ಹೊರಟ ಬೆಳಿಗ್ಗೆ ನನಗೆ ರೋಮಾಂಚನ ಆಗಿತ್ತು. ಪ್ಯಾರಿಸ್ ಮುಟ್ಟುವಷ್ಟರಲ್ಲಿ ಆ ಜೆರ್ಸಿ ಪೊಗಾಚಾರ್‌ದಾಗಿತ್ತು. ಹಳದಿ ಅವರ ಮೈಮೇಲೆ ಇತ್ತಲ್ಲ, ಹಾಗಾಗಿ ಚುಕ್ಕಿ ಮತ್ತೆ ಇನ್ನೊಬ್ಬರಿಗೆ ಕಡ.