ಮಕ್ಕಳಿಗಷ್ಟೇ ಯಾಕೆ, ದೊಡ್ಡವರಿಗೂ ಈ ಪಾಠ ಬೇಕು

ಸುಳ್ಳು ಸುದ್ದಿಯ ಮಾತು ಬಂದಾಗಲೆಲ್ಲ ಒಂದು ಸಲಹೆ ತಪ್ಪದೆ ಬರುತ್ತದೆ: "ಇದನ್ನೆಲ್ಲ ಶಾಲೆಯಲ್ಲೇ ಕಲಿಸಬೇಕು." ಕಲಿಸಲಿ, ಖಂಡಿತ ಕಲಿಸಲಿ. ಆದರೆ ಇವತ್ತು ಮತ ಹಾಕುವವರು, ಮನೆಯವರ ಆರೋಗ್ಯದ ಬಗ್ಗೆ ತೀರ್ಮಾನ ಮಾಡುವವರು, ಫ್ಯಾಮಿಲಿ ಗ್ರೂಪಿಗೆ ಬೆಳಗ್ಗೆಯಿಂದ ರಾತ್ರಿವರೆಗೂ ಫಾರ್ವರ್ಡ್ ಮಾಡುವವರು ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿದೆ. ಅವರಿಗೆ ಯಾರು ಕಲಿಸುತ್ತಾರೆ? ಆರನೇ ಕ್ಲಾಸಿನ ಮಗು ಬೆಳೆದು ಮತ ಹಾಕುವವರೆಗೆ ನಾವು ಕಾಯುತ್ತಾ ಕೂರಬೇಕಾ?

ಓದಿದ್ದನ್ನು, ನೋಡಿದ್ದನ್ನು ನಂಬಬಹುದಾ ಅಂತ ತೂಗಿ ನೋಡುವ ಈ ಕಲಿಕೆಗೆ ಮಾಧ್ಯಮ ಸಾಕ್ಷರತೆ ಅಂತ ಹೆಸರಿದೆ, ವಿಷಯ ಹೊಸದೇನಲ್ಲ. 1982ರಲ್ಲಿ ಜರ್ಮನಿಯ ಗ್ರುನ್‌ವಾಲ್ಡ್‌ನಲ್ಲಿ ಯುನೆಸ್ಕೋ ಕರೆದಿದ್ದ ಸಭೆಯಲ್ಲಿ 19 ದೇಶಗಳ ಪ್ರತಿನಿಧಿಗಳು ಸೇರಿ ಒಂದು ಘೋಷಣೆ ಹೊರಡಿಸಿದ್ದರು. ಶಿಶುವಿಹಾರದಿಂದ ಯೂನಿವರ್ಸಿಟಿವರೆಗೆ, ಜೊತೆಗೆ ವಯಸ್ಕರ ಶಿಕ್ಷಣದಲ್ಲೂ ಈ ಪಾಠ ಇರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆಗ ಅವರ ಕಣ್ಣ ಮುಂದೆ ಇದ್ದದ್ದು ಟಿವಿ, ರೇಡಿಯೋ, ಪೇಪರ್, ಸಿನಿಮಾ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಪ್ರಸಾರ ಕೇಂದ್ರ ಇದೆ. ಆದರೂ "ವಯಸ್ಕರು" ಅನ್ನುವ ಭಾಗವನ್ನು ಹೆಚ್ಚಿನ ಕಡೆ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ.

2016ರ ಅಮೆರಿಕದ ಚುನಾವಣೆ ಹೊತ್ತಿನಲ್ಲಿ ಜನ ಫೇಸ್‌ಬುಕ್‌ನಲ್ಲಿ ಏನೇನು ಹಂಚಿದರು ಅನ್ನೋದರ ಮೇಲೆ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. 65 ದಾಟಿದವರು ಎಲ್ಲಕ್ಕಿಂತ ಕಿರಿಯ ಗುಂಪಿನವರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳು ಸುದ್ದಿ ಹಂಚಿದ್ದರು. ಇದನ್ನು ಓದಿ "ನೋಡಿ, ವಯಸ್ಸಾದವರೇ ಹಾಳು ಮಾಡ್ತಿರೋದು" ಅಂದುಬಿಡೋದು ಸುಲಭ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಅಂಥ ಒಂದು ಲಿಂಕನ್ನೂ ಹಂಚಿರಲಿಲ್ಲ. ಹಿರಿಯರ ವಿಷಯಕ್ಕೆ ಬಂದರೆ, ಅವರು ದಡ್ಡರು ಅನ್ನೋದನ್ನು ನಾನು ಒಪ್ಪಲ್ಲ. ಅಚ್ಚಾಗಿ ಬಂದ ಮಾತಿನ ಹಿಂದೆ ಒಬ್ಬ ಸಂಪಾದಕ ಇರುತ್ತಾನೆ, ತಪ್ಪಾದರೆ ಕೇಳೋದಕ್ಕೆ ಒಂದು ವಿಳಾಸ ಇರುತ್ತದೆ ಅನ್ನುವ ಕಾಲದಲ್ಲಿ ಅವರು ಬೆಳೆದರು. ಆ ಕಾಲಕ್ಕೆ ಆ ನಂಬಿಕೆ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಈಗ ಅದೇ ಅಕ್ಷರ, ಅದೇ ಥರದ ಫೋಟೋ, ಅದೇ ಬ್ರೇಕಿಂಗ್ ನ್ಯೂಸ್ ಪಟ್ಟಿ, ಆದರೆ ಹಿಂದೆ ಯಾರೂ ಇಲ್ಲ. ಇದನ್ನು ಅವರ ಪಕ್ಕ ಕೂತು ಯಾರೂ ಹೇಳಿಕೊಟ್ಟಿಲ್ಲ.

ಹಾಗಾದರೆ ಹುಟ್ಟಿದಾಗಿನಿಂದ ಫೋನ್ ಹಿಡಿದ ಮಕ್ಕಳು ಚುರುಕಾ? ಅದೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ತಂಡವೊಂದು ಸಾವಿರಾರು ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2016ರಲ್ಲಿ ವರದಿ ಕೊಟ್ಟಿತು. ಮಿಡಲ್ ಸ್ಕೂಲ್ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ, ಪ್ರಾಯೋಜಿತ ಅಂತ ಮೇಲೆ ಬರೆದಿದ್ದರೂ, ಒಂದು ಜಾಹೀರಾತನ್ನು ನಿಜವಾದ ಸುದ್ದಿ ಅಂತಲೇ ತಿಳಿದಿದ್ದರು. ಆ್ಯಪ್ ಬಳಸೋದು ಬೇರೆ, ಅದರಲ್ಲಿ ಬರೋದನ್ನು ತೂಗಿ ನೋಡೋದು ಬೇರೆ. ವಿಡಿಯೋ ಎಡಿಟ್ ಮಾಡಲು ಬರುವ ಹುಡುಗನಿಗೆ ಆ ವಿಡಿಯೋ ಯಾವ ವರ್ಷದ್ದು ಅಂತ ಪತ್ತೆ ಹಚ್ಚಲು ಬರುತ್ತದೆ ಅಂತೇನಿಲ್ಲ.

ಏನು ಕಲಿಸಬೇಕು ಅನ್ನೋದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. ಇದೂ ಸ್ಟ್ಯಾನ್‌ಫರ್ಡ್‌ನದೇ, 2017ರದ್ದು, ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಮಾಡಿದ್ದು. ಪಿಎಚ್‌.ಡಿ. ಮಾಡಿದ ಇತಿಹಾಸಕಾರರು, ಕಾಲೇಜು ವಿದ್ಯಾರ್ಥಿಗಳು, ವೃತ್ತಿಯಿಂದಲೇ ಫ್ಯಾಕ್ಟ್ ಚೆಕ್ (ಸುದ್ದಿ ನಿಜವಾ ಅಂತ ಪರಿಶೀಲನೆ) ಮಾಡುವವರು, ಈ ಮೂರು ಗುಂಪಿಗೂ ಮಕ್ಕಳ ವೈದ್ಯರ ಎರಡು ಸಂಸ್ಥೆಗಳ ವೆಬ್‌ಸೈಟ್ ತೋರಿಸಿದರು. ಒಂದು 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರ ದೊಡ್ಡ ಸಂಸ್ಥೆ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಹೋದ, ತನ್ನದೇ ಸೈದ್ಧಾಂತಿಕ ಹಟ ಇರುವ ಚಿಕ್ಕ ಗುಂಪು. ಹೆಸರುಗಳು ಹೆಚ್ಚುಕಮ್ಮಿ ಒಂದೇ ಥರ. ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಚಿಕ್ಕ ಗುಂಪಿನ ಪುಟವೇ ಹೆಚ್ಚು ನಂಬಿಕೆಗೆ ಯೋಗ್ಯ ಅಂದರು. ಇತಿಹಾಸಕಾರರಲ್ಲೂ ಅನೇಕರು ಎರಡೂ ಪರವಾಗಿಲ್ಲ ಅಂತ ತೊಯ್ದಾಡಿದರು. ಫ್ಯಾಕ್ಟ್ ಚೆಕ್ ಮಾಡುವವರು ಮಾತ್ರ ಒಬ್ಬರೂ ತಪ್ಪಲಿಲ್ಲ.

ಯಾಕೆ ಗೊತ್ತಾ? ಉಳಿದವರು ಪುಟದೊಳಗೇ ಕೂತು ಓದಿದರು. ಲೋಗೋ ನೋಡಿದರು, ಭಾಷೆ ನೋಡಿದರು, ಕೆಳಗಿನ ಉಲ್ಲೇಖಗಳನ್ನು ನೋಡಿದರು, "ನಮ್ಮ ಬಗ್ಗೆ" ಅನ್ನೋದನ್ನು ಓದಿದರು. ಫ್ಯಾಕ್ಟ್ ಚೆಕ್ ಮಾಡುವವರು ಪುಟವನ್ನು ಸರಿಯಾಗಿ ಓದಲೂ ಇಲ್ಲ. ತಕ್ಷಣ ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಅಷ್ಟೇ ವ್ಯತ್ಯಾಸ. ಸಂಬಂಧ ಕೂಡಿಸುವಾಗ ಹುಡುಗನ ಬಗ್ಗೆ ಹುಡುಗನನ್ನೇ ಕೇಳಲ್ಲ, ಅವನನ್ನು ಬಲ್ಲ ನಾಲ್ಕು ಜನರನ್ನು ವಿಚಾರಿಸುತ್ತೇವೆ ಅಲ್ವಾ, ಹಾಗೆ. ಎಷ್ಟು ಓದಿಕೊಂಡಿದ್ದೀರಿ ಅನ್ನೋದು ಇಲ್ಲಿ ಕೆಲಸಕ್ಕೆ ಬರಲಿಲ್ಲ ಅನ್ನೋದನ್ನು ಗಮನಿಸಿ. ಕೆಲಸಕ್ಕೆ ಬಂದದ್ದು ಒಂದು ಅಭ್ಯಾಸ. ಅಭ್ಯಾಸವನ್ನು ಹತ್ತು ವರ್ಷದವರಿಗೂ ಕಲಿಸಬಹುದು, ಎಪ್ಪತ್ತರವರಿಗೂ ಕಲಿಸಬಹುದು.

"ಫೇಕ್ ಕಂಡುಹಿಡಿಯಲು ಹತ್ತು ಸೂತ್ರ" ಥರದ ಪಾಠಗಳ ಮೇಲೆ ನನಗೆ ಭರವಸೆ ಕಡಿಮೆ ಇರೋದು ಇದಕ್ಕೇ. ಕಾಗುಣಿತ ತಪ್ಪಿದ್ದರೆ ಸುಳ್ಳು ಅಂತ ಕಲಿಸಿದರೆ ಕಾಗುಣಿತ ಸರಿ ಇರುವ ಸುಳ್ಳನ್ನು ನಂಬುತ್ತಾರೆ. ಎಐ, ಅಂದರೆ ಕಂಪ್ಯೂಟರೇ ಸೃಷ್ಟಿಸಿದ ಚಿತ್ರದಲ್ಲಿ ಬೆರಳುಗಳು ಹೆಚ್ಚುಕಮ್ಮಿ ಇರುತ್ತವೆ, ಎಣಿಸಿ ನೋಡಿ ಅಂತ ಹೇಳಿಕೊಟ್ಟರು, ಈಗ ಬೆರಳುಗಳು ಸರಿಯಾಗಿಯೇ ಬರುತ್ತಿವೆ. ಮೋಸದ ಗುರುತುಗಳು ದಿನಾ ಬದಲಾಗುತ್ತವೆ. ಇದು ಮೊದಲು ಎಲ್ಲಿಂದ ಬಂತು, ಯಾರು ಹೇಳಿದ್ದು, ಬೇರೆ ಯಾರಾದರೂ ಇದನ್ನೇ ಹೇಳುತ್ತಿದ್ದಾರಾ ಅನ್ನುವ ಪ್ರಶ್ನೆಗಳು ಬದಲಾಗಲ್ಲ.

ಇನ್ನೊಂದು ಅಪಾಯ ಇದೆ, ಇದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಅರೆಬರೆ ಪಾಠ ಅನುಮಾನವನ್ನಷ್ಟೇ ಕಲಿಸುತ್ತದೆ. "ಎಲ್ಲಾ ಮಾಧ್ಯಮಗಳೂ ಮಾರಿಕೊಂಡಿವೆ, ಯಾರನ್ನೂ ನಂಬಬೇಡಿ" ಅನ್ನುವವರು ತಾವು ಬಹಳ ಎಚ್ಚರದಲ್ಲಿದ್ದೇವೆ ಅಂದುಕೊಂಡಿರುತ್ತಾರೆ. ಆದರೆ ಅದೇ ಜನ ಯಾವನೋ ಒಬ್ಬ ಯೂಟ್ಯೂಬರ್ ಕ್ಯಾಮೆರಾ ಮುಂದೆ ಕೂತು "ಇದನ್ನು ಯಾರೂ ನಿಮಗೆ ಹೇಳಲ್ಲ" ಅಂದ ಕೂಡಲೇ ಪೂರ್ತಿ ನಂಬಿಬಿಡುತ್ತಾರೆ. ಅಧಿಕಾರದಲ್ಲಿ ಇರುವವರಿಗೂ ಇದು ಅನುಕೂಲ. ತಾನು ನಿಜವಾಗಿ ಆಡಿದ ಮಾತಿನ ವಿಡಿಯೋ ಹೊರಗೆ ಬಂದರೆ "ಅದು ಡೀಪ್‌ಫೇಕ್, ಎಐ ಬಳಸಿ ಮಾಡಿದ ನಕಲಿ ವಿಡಿಯೋ" ಅಂತ ಜಾರಿಕೊಳ್ಳಬಹುದು. ಯಾವುದನ್ನೂ ನಂಬದ ಜನ ಯಾರನ್ನೂ ಹೊಣೆ ಮಾಡಲಾರರು. ಹಾಗಾಗಿ ಈ ಪಾಠ ಮುಗಿದ ಮೇಲೆ ಒಬ್ಬ ಮನುಷ್ಯನಿಗೆ ಕೆಲವನ್ನು ಧೈರ್ಯವಾಗಿ ನಂಬಲು ಬರಬೇಕು. ತಪ್ಪಾದಾಗ ತಿದ್ದುಪಡಿ ಹಾಕುವ ಪತ್ರಿಕೆ, ತಾನು ಹೇಗೆ ಲೆಕ್ಕ ಹಾಕಿದೆ ಅಂತ ತೋರಿಸುವ ಸಂಸ್ಥೆ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ವಿಜ್ಞಾನಿ, ಇವರನ್ನು ಗುರುತಿಸಲು ಬರಬೇಕು.

ಇನ್ನು ಹಂಚುವ ವಿಷಯ. ನನ್ನ ಪ್ರಕಾರ ಪೌರ ಜವಾಬ್ದಾರಿ ಶುರುವಾಗೋದೇ ಇಲ್ಲಿ. 2018ರಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದರು. ನಿಜ ಸುದ್ದಿಗೆ 1,500 ಜನರನ್ನು ತಲುಪಲು ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಹಿಡಿದಿತ್ತು. ಬಾಟ್‌ಗಳನ್ನು, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ತಾನೇ ನಡೆಸುವ ಖಾತೆಗಳನ್ನು, ಲೆಕ್ಕದಿಂದ ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಅಂದರೆ ಸುಳ್ಳನ್ನು ಓಡಿಸುತ್ತಿರೋದು ಮನುಷ್ಯರೇ, ಹೊಸತು ಅನ್ನಿಸಿದ್ದಕ್ಕೆ, ಬೆಚ್ಚಿ ಬಿದ್ದಿದ್ದಕ್ಕೆ, ಅಸಹ್ಯ ಆಗಿದ್ದಕ್ಕೆ. ಬೆಂಕಿ ಇಲ್ಲದೆ ಹೊಗೆ ಆಡಲ್ಲ ಅಂತ ನಾವೇ ಸಮಾಧಾನ ಹೇಳಿಕೊಂಡು ಮುಂದೆ ಕಳಿಸುತ್ತೇವೆ. ಅಲ್ಲಿ ಹೊಗೆ ಹಾಕುತ್ತಿರುವವರು ನಾವೇ.

ಒಳ್ಳೆಯ ಸುದ್ದಿ ಏನಂದರೆ ಸ್ವಲ್ಪ ತಡೆ ಹಾಕಿದರೂ ಪರಿಣಾಮ ಇರುತ್ತದೆ. 2020ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್, ಹಲವು ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಅಂತ ಮಿತಿ ಹಾಕಿತು. ಅಂಥ ಮೆಸೇಜ್‌ಗಳ ಓಡಾಟ ಶೇ 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿತು. ಆ ಜೋಡಿ ಬಾಣದ ಗುರುತು ಇದೆಯಲ್ಲ, ಅದು ಅಂಥ ಮೆಸೇಜ್‌ಗಳಿಗೇ ಇಟ್ಟದ್ದು. ಅದರ ಅರ್ಥ ಗೊತ್ತಿಲ್ಲದವರು ತುಂಬಾ ಜನ ಇದ್ದಾರೆ. ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ತೋರಿಸಿ.

ತೋರಿಸುವ ರೀತಿಯೂ ಮುಖ್ಯ. ಗ್ರೂಪಿನಲ್ಲಿ ಎಲ್ಲರ ಎದುರು "ಚಿಕ್ಕಪ್ಪ, ಇದು ಫೇಕ್" ಅಂತ ಲಿಂಕ್ ಎಸೆದರೆ ಅವರಿಗೆ ಅವಮಾನವಾಗುತ್ತದೆ, ಮುಂದಿನ ಸಲ ಹಟಕ್ಕಾದರೂ ಕಳಿಸುತ್ತಾರೆ. ಸುಮ್ನೆ ಫೋನ್ ಮಾಡಿ, "ನೀವು ಕಳಿಸಿದ್ದು ನೋಡಿದೆ, ನಿಮಗೆ ಯಾರು ಕಳಿಸಿದ್ರು? ಹಳೇ ಫೋಟೋ ಥರ ಕಾಣ್ತಿದೆ, ನೋಡೋಣ್ವಾ" ಅಂತ ಕೇಳಿ. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ ಹಿಂದೆ ಎಲ್ಲೆಲ್ಲಿ ಬಂದಿದೆ ಅಂತ ಪಕ್ಕ ಕೂತು ಒಂದು ಸಲ ತೋರಿಸಿ. ಗ್ರೂಪಿಗೆ ತಿದ್ದುಪಡಿಯನ್ನು ಅವರೇ ಹಾಕಲಿ. ಡಿಲೀಟ್ ಮಾಡಿದರೆ ಸಾಲದು, ಅಷ್ಟರಲ್ಲಿ ಓದಿದವರು ಓದಿಯಾಗಿರುತ್ತದೆ.

ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಫಿನ್ಲೆಂಡ್. ಅಲ್ಲಿ ಇದನ್ನು ಬೇರೆ ಸಬ್ಜೆಕ್ಟ್ ಅಂತ ಇಟ್ಟಿಲ್ಲ. ಅಂಕಿಅಂಶ ಹೇಗೆ ದಾರಿ ತಪ್ಪಿಸುತ್ತದೆ ಅನ್ನೋದು ಗಣಿತದ ಕ್ಲಾಸಿನಲ್ಲಿ ಬರುತ್ತದೆ, ಚಿತ್ರದ ಅರ್ಥವನ್ನು ಹೇಗೆ ತಿರುಚಬಹುದು ಅನ್ನೋದು ಕಲೆಯ ಕ್ಲಾಸಿನಲ್ಲಿ, ಪ್ರಚಾರತಂತ್ರ ಇತಿಹಾಸದಲ್ಲಿ. ಶಾಲೆ ಮುಗಿಸಿದವರಿಗೆ ಲೈಬ್ರರಿಗಳಿವೆ, ಸಂಘಸಂಸ್ಥೆಗಳಿವೆ. ನನಗೆ ಹಿಡಿಸಿದ್ದು ಈ ಲೈಬ್ರರಿಯ ದಾರಿ. ಲೈಬ್ರರಿಗೆ ಬರಲು ವಯಸ್ಸಿನ ಮಿತಿ ಇಲ್ಲ, ಪರೀಕ್ಷೆ ಇಲ್ಲ. ವಾರಕ್ಕೊಂದು ಸಂಜೆ, ಒಂದು ಗಂಟೆ, ಬಂದವರು ತಮ್ಮ ಫೋನಿಗೆ ಆ ವಾರ ಬಂದಿರುವ ಫಾರ್ವರ್ಡ್‌ಗಳನ್ನೇ ತರಲಿ. ಹುಡುಗರು ಬೇಗ ಹುಡುಕಿ ಕೊಡಲಿ, ಹಿರಿಯರು "ಇಲ್ಲ, ಈ ಘಟನೆ ಆದಾಗ ನಾನಿದ್ದೆ, ಆದದ್ದು ಹೀಗೆ" ಅಂತ ಹೇಳಲಿ. ಇಬ್ಬರಿಗೂ ಪರಸ್ಪರ ಕಲಿಯೋದು ಬೇಕಾದಷ್ಟಿದೆ.

ನಡೆಸುವವರು ಯಾವುದೇ ಪಕ್ಷದವರಾಗಬಾರದು. ಯಾವುದು ನಿಜ ಅನ್ನುವ ಪಟ್ಟಿಯನ್ನು ಸರ್ಕಾರ ಕಳಿಸಿಕೊಡುವ ಹಾಗೂ ಆಗಬಾರದು, ಹುಡುಕುವ ದಾರಿಯನ್ನಷ್ಟೇ ಕಲಿಸಬೇಕು. ಎದುರು ಪಾಳಯದ ಸುಳ್ಳುಗಳನ್ನೇ ಗುಡ್ಡೆ ಹಾಕಿಕೊಂಡು ಪಾಠ ಮಾಡಿದರೆ ಕೂತಿರುವವರಲ್ಲಿ ಅರ್ಧ ಜನ ಮೊದಲ ಹತ್ತು ನಿಮಿಷಕ್ಕೇ ಎದ್ದು ಹೋಗುತ್ತಾರೆ, ಉಳಿದ ಅರ್ಧ ಜನ ಏನನ್ನೂ ಕಲಿಯದೆ ಖುಷಿಯಾಗಿ ಮನೆಗೆ ಹೋಗುತ್ತಾರೆ. ಹಾಗಾಗಿ ನೀವು ಇಂಥದ್ದೊಂದು ಶುರು ಮಾಡುವುದಾದರೆ, ಮೊದಲ ಸಂಜೆಯ ಮೊದಲ ಉದಾಹರಣೆ ನಿಮ್ಮ ಕಡೆಯವರು ಹಂಚಿದ ಸುಳ್ಳೇ ಆಗಿರಲಿ.