ರೈಲು ನಿಂತಿದೆ, ಯಾರೂ ಇಳಿಯಬೇಡಿ

ಗೋವಾದ ಘಟ್ಟದಲ್ಲಿ, ದೂಧ್‌ಸಾಗರ್ ಜಲಪಾತದ ಹತ್ತಿರ, ಅದೇ ಹೆಸರಿನ ಒಂದು ಸ್ಟೇಷನ್ ಇದೆ. ಹೆಸರಿನ ಬೋರ್ಡ್ ಇದೆ. ಬ್ರೇಕ್ ನೋಡಲೋ ಸಿಗ್ನಲಿಗೋ ರೈಲು ನಿಲ್ಲುವುದೂ ಉಂಟು. ಪ್ರಯಾಣಿಕರು ಮಾತ್ರ ಇಳಿಯುವ ಹಾಗಿಲ್ಲ. ಸ್ಟೇಷನ್ ಇರುವುದು ರೈಲಿಗೆ, ನಿಮಗಲ್ಲ.

ವಾಸ್ಕೋದಲ್ಲಿ ಬದುಕು ಕಟ್ಟಿಕೊಂಡ ನಮ್ಮ ಹುಬ್ಬಳ್ಳಿ, ಗದಗ ಕಡೆಯ ಮಂದಿ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಹಳಿಯ ಹಣೆಬರಹವೇ ಹಾಗೆ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿಸಿ, 1888ರ ಹೊತ್ತಿಗೆ ಮೀಟರ್ ಗೇಜ್ ರೈಲು ಓಡಿಸಿದರು. ಕಂಪನಿಯ ಹೆಸರು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ. ಗ್ಯಾರಂಟಿ ಇದ್ದದ್ದು ದುಡ್ಡು ಹಾಕಿದವರ ಬಡ್ಡಿಗೆ. ರೈಲಿಗೆ ಲಾಭ ಬರಲಿ ಬಿಡಲಿ, ಪೋರ್ಚುಗಲ್ ಸರ್ಕಾರ ಬಡ್ಡಿ ಕಟ್ಟಿಕೊಡಬೇಕು. ಟಿಕೆಟ್ ತೆಗೆದವರಿಗೆ ಅಂಥ ಭಾಗ್ಯ ಯಾವ ಕಾಲದಲ್ಲೂ ಬಂದಿಲ್ಲ ಬಿಡಿ.

ಘಟ್ಟದ ನೆತ್ತಿಯಲ್ಲಿ ಕ್ಯಾಸಲ್‌ರಾಕ್, ಬುಡದಲ್ಲಿ ಕುಳೆಂ. ಮೇಲೆ ಬ್ರಿಟಿಷರ ಕಸ್ಟಮ್ಸ್, ಕೆಳಗೆ ಪೋರ್ಚುಗೀಸರದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅನ್ನುತ್ತಾರಲ್ಲ, ಇಲ್ಲಿ ಸುಂಕದವರೇ ಇಬ್ಬರು! 1955ರಲ್ಲಿ ಗಡಿಯಲ್ಲಿ ರೈಲೇ ಬಂದ್ ಆಯಿತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾಯಿತು, ಪೋರ್ಚುಗೀಸರು ಹೋದರು. ತಡೆಯುವ ಚಾಳಿ ಮಾತ್ರ ಇಲ್ಲೇ ಉಳಿಯಿತು. ಆಗ ಟ್ರಂಕಿನೊಳಗೆ ಏನಿದೆ ಅಂತ ನೋಡುತ್ತಿದ್ದರು. ಈಗ ಬಾಗಿಲಿನಿಂದ ಕಾಲು ಹೊರಗೆ ಬಂತಾ ಅಂತ ನೋಡುತ್ತಾರೆ.

2023ರ ಜುಲೈ ನೆನಪಿರಬೇಕಲ್ವಾ? ಜಲಪಾತ ನೋಡಲು ಹಳಿಗುಂಟ ನಡೆದುಬಂದ ಹುಡುಗರಿಂದ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದರು. ಬೋಗಿಯೊಳಗೆ ಕೂತೇ ಸೌಂದರ್ಯ ಸವಿಯಿರಿ, ಹಳಿಗೆ ಇಳಿದರೆ ಅಕ್ರಮ ಪ್ರವೇಶಕ್ಕೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಇದೆ ಅಂತ ರೈಲ್ವೆಯವರ ಪ್ರೀತಿಯ ಕೋರಿಕೆಯೂ ಬಂತು. ಪೊಲೀಸರದ್ದೇ ತಪ್ಪು ಅನ್ನೋಕೂ ಆಗಲ್ಲ. ಸುರಂಗದ ಬಾಯಲ್ಲಿ ನಿಂತು ಸೆಲ್ಫಿ ತೆಗೆಯುವವನಿಗೆ ಇನ್ನೇನು ಆರತಿ ಎತ್ತಬೇಕಾ?

ಸರಿ, ಕಾನೂನು ಪ್ರಕಾರವೇ ನೋಡೋಣ ಅಂದರೆ ಕುಳೆಂನಲ್ಲಿ ಇಳಿದು ಜೀಪ್ ಹಿಡಿಯಬೇಕು. ಜೀಪ್ ಶುರುವಾಗುವುದು ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ. ಅಂದರೆ ನೀರು ಧುಮುಕುವಾಗ ದಾರಿ ಇಲ್ಲ. ದಾರಿ ಬಿಟ್ಟಾಗ ನೀರು ಇಳಿಯುತ್ತಾ ಹೋಗುತ್ತದೆ. ಮೇ ತಿಂಗಳಲ್ಲಿ ಹೋದವರು 310 ಮೀಟರ್ ಎತ್ತರದ ಬಂಡೆ ನೋಡಿ, ಜೀಪಿನ ಬಾಡಿಗೆ ಕೊಟ್ಟು ಬರುತ್ತಾರೆ.

ಮಳೆಗಾಲದ ರೈಲಿನೊಳಗಿನ ಮಜಾ ಬೇರೆ. ಹಿಂದೆ ಬ್ಯಾಂಕರ್ ಎಂಜಿನ್ ಏದುಸಿರು ಬಿಡುತ್ತಾ ತಳ್ಳುತ್ತಿರುತ್ತದೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ, ಅಂಥ ಏರು ಅದು. ಜಲಪಾತ ಬಂತು ಅನ್ನುತ್ತಲೇ ಇಡೀ ಬೋಗಿ ಒಂದೇ ಪಕ್ಕಕ್ಕೆ ವಾಲುತ್ತದೆ. ಕಿಟಕಿಗೊಂದು ಮೊಬೈಲ್, ಅದರ ಮೇಲೆ ಇನ್ನೊಂದು. ನಡುವೆ ಸಿಕ್ಕಿಕೊಂಡ ಅಜ್ಜಿ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತಾ, "ನೀರ ನೋಡ್ಲಿಕ್ಕೆ ಇಷ್ಟ್ಯಾಕ ಒದ್ದಾಡ್ತೀರೋ" ಅನ್ನುತ್ತಾಳೆ. ಯಾರ ಕಿವಿಗೂ ಬೀಳುವುದಿಲ್ಲ.

ನನ್ನದೊಂದು ಸಲಹೆ. ಕುಳೆಂನಲ್ಲಿ ಆ ಹಳೇ ಸುಂಕದ ಕಟ್ಟೆ ಮತ್ತೆ ತೆರೆಯಲಿ. ಮೊಬೈಲ್ ಬಿಚ್ಚಿಸಿ, ರೀಲ್ ಎಣಿಸಿ, ಒಂದೊಂದಕ್ಕೂ ಸುಂಕ ಹಾಕಲಿ. ಸುಮ್ನೆ ಬಸ್ಕಿ ಹೊಡೆಸಿದರೆ ಖಜಾನೆಗೆ ಏನು ಬಂತು? ಮೇ ತಿಂಗಳ ಒಣ ಬಂಡೆಯ ಫೋಟೋಗೆ ಮಾತ್ರ ರಿಯಾಯಿತಿ ಇರಲಿ.